ಹಟ್ಟಿ, ಹೊಗೆ ಮತ್ತು ನಮ್ಮ ಮಕ್ಕಳ ಉಸಿರು
(ರಜತ ಮಹೋತ್ಸವದ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಓದಿದ್ದಾರೆ. ನಾವು ಉಬ್ಬಸದ ಬಗ್ಗೆ ಎರಡು ಮಾತು ಹೇಳುತ್ತೇವೆ. ನಾವು ಡಾಕ್ಟರಲ್ಲ, ಎಸ್.ಎಸ್.ಎಲ್.ಸಿ. ಓದಿದ ಕೃಷಿಕರು. ಆದರೆ ಈ ಕಾಯಿಲೆಯನ್ನು ಮನೆಯಲ್ಲೇ ಕಂಡವರು.

ನಮ್ಮ ಎರಡನೇ ಮಗನಿಗೆ ನಾಲ್ಕನೇ ವರ್ಷದಲ್ಲಿ ಮಳೆಗಾಲದ ರಾತ್ರಿಗಳಲ್ಲಿ ದಮ್ಮು ಕಟ್ಟುತ್ತಿತ್ತು. ಡಾಕ್ಟರು ಬಾಯಲ್ಲಿ ಎಳೆದುಕೊಳ್ಳುವ ಪಂಪು ಬರೆದುಕೊಟ್ಟರು. "ಅದು ಅಭ್ಯಾಸ ಆಗಿಬಿಡ್ತದೆ ಮಾರಾಯ್ರೆ" ಎಂಬ ಮಾತು ನಂಬಿ, ಪಂಪನ್ನು ಕಪಾಟಿನಲ್ಲಿಟ್ಟು ಕಷಾಯ ಕುಡಿಸಿದೆವು. ಒಂದು ರಾತ್ರಿ ಹುಡುಗನ ತುಟಿ ನೀಲಿಯಾಯಿತು. ಜೀಪಿನಲ್ಲಿ ಮಂಗಳೂರು ಪೇಟೆಗೆ ಓಡಿದೆವು. ಮಗು ಉಳಿಯಿತು. ತಪ್ಪು ನಮ್ಮದೇ. ಆಮೇಲೆ, ಎಲ್ಲ ಹಟ್ಟಿಯಿಂದಲೇ ಬಂತು, ದನ ಮಾರಿಬಿಡೋಣ ಎಂದು ಮನೆಯಲ್ಲಿ ಮಾತಾಯಿತು.

ಈ ಪ್ರಶ್ನೆಗೆ ಉತ್ತರ ಒಂದು ದಿನದಲ್ಲಿ ಸಿಗುವಂಥದ್ದಲ್ಲ. ಬೆಂಗಳೂರಿನ ಡಾ. ಎಚ್. ಪರಮೇಶ್ ಅವರು 1979ರಿಂದ 1999ರವರೆಗೆ ಆಸ್ಪತ್ರೆಗೆ ಬಂದ 20,000 ಮಕ್ಕಳ ಲೆಕ್ಕ ಇಟ್ಟರು. ಅಸ್ತಮಾ ಮೊದಲು ನೂರಕ್ಕೆ 9 ಇದ್ದದ್ದು 29.5ಕ್ಕೆ ಏರಿತು. ಶಾಲೆಗಳಲ್ಲಿ ನೋಡಿದಾಗ, ವಾಹನ ಕಡಿಮೆ ಇರುವ ಕಡೆ ನೂರಕ್ಕೆ 11 ಮಕ್ಕಳು. ವಾಹನದ ದಟ್ಟಣೆಯ ಜೊತೆಗೆ ಬಡತನವೂ ಇದ್ದ ಕಡೆ 31.

ಯುರೋಪಿನ ಐದು ದೇಶಗಳಲ್ಲಿ 2002ರಿಂದ ಹಳ್ಳಿಯ ಸಾವಿರದಷ್ಟು ಮಕ್ಕಳನ್ನು ತಾಯಿಯ ಬಸುರಿನಿಂದಲೇ ಗಮನಿಸುತ್ತ ಬಂದಿದ್ದಾರೆ. ದನಕರುಗಳ ನಡುವೆ ಬೆಳೆದ ಮಕ್ಕಳಲ್ಲಿ ಅಸ್ತಮಾ, ಅಲರ್ಜಿ ಕಡಿಮೆ. ಹಟ್ಟಿಯ ಬಗೆಬಗೆಯ ಸೂಕ್ಷ್ಮಜೀವಿಗಳು ಎಳೆಯ ದೇಹಕ್ಕೆ ಪಾಠ ಕಲಿಸುತ್ತವೆ ಎನ್ನುತ್ತಾರೆ. ಹಾಗೆಂದು ಹಸಿ ಹಾಲು ಕುಡಿಸಬಾರದು, ಕುದಿಸಿಯೇ ಕೊಡಬೇಕು. ಒಮ್ಮೆ ದಮ್ಮು ಹಿಡಿದ ಮಗುವಿಗೆ ಹಟ್ಟಿ ಮದ್ದೂ ಅಲ್ಲ. ಬೂಷ್ಟು ಹಿಡಿದ ಬೈಹುಲ್ಲಿನ ಧೂಳು, ಹಸಿ ಕಟ್ಟಿಗೆಯ ಹೊಗೆ ಅದಕ್ಕೆ ತೊಂದರೆಯೇ.

ನಾವು ದನ ಮಾರಲಿಲ್ಲ. ಗೋಬರ್ ಗ್ಯಾಸ್ ಹಾಕಿಸಿ ಅಡುಗೆಮನೆಯ ಹೊಗೆ ನಿಲ್ಲಿಸಿದೆವು. ಹುಲ್ಲು ಕೊಡಹುವಾಗ, ಅಡಿಕೆ ಸುಲಿಯುವಾಗ ಹುಡುಗನನ್ನು ದೂರ ಇಟ್ಟೆವು. ಡಾಕ್ಟರು ಹೇಳಿದಂತೆ ಪಂಪು ತಪ್ಪಿಸಲಿಲ್ಲ. ಅದರ ಮದ್ದು ಸ್ವಲ್ಪವೇ, ನೇರ ಶ್ವಾಸಕೋಶಕ್ಕೆ ಹೋಗುತ್ತದೆ. ಈಗ ಅವನೇ ಕ್ಯಾನ್ ಹಿಡಿದು ಸೊಸೈಟಿಗೆ ಬರುತ್ತಾನೆ.

ಕರು ಹುಟ್ಟಿದ ಮೇಲೆ ಹಾಲಿಗೆ ಮೂರು ವರ್ಷ ಕಾಯುವವರು ನಾವು. ಇಪ್ಪತ್ತು ವರ್ಷ ಲೆಕ್ಕ ಇಟ್ಟವರ ಮಾತಿಗೆ ಬೆಲೆ ಕೊಡೋಣ. ದನಗಳಿಗೆ ಶಿಬಿರ ಮಾಡುವ ನಮ್ಮ ಸಂಘ, ವರ್ಷಕ್ಕೊಮ್ಮೆ ಮಕ್ಕಳ ಉಸಿರಿನ ತಪಾಸಣೆಯನ್ನೂ ಮಾಡಿಸಲಿ ಎಂದು ಕೇಳಿಕೊಳ್ಳುತ್ತೇವೆ.