ಪ್ರಾಥಮಿಕ ಪಾಠಶಾಲೆಯ ಮಕ್ಕಳೂ ಸಂಗೀತಸೃಷ್ಟಿಯೂ

(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)

ನಾನು ಸಂಗೀತ ವಿದ್ವಾಂಸನಲ್ಲ. ಗುಬ್ಬಿ ಮತ್ತು ಕುಣಿಗಲು ತಾಲ್ಲೂಕುಗಳ ಹಳ್ಳಿಯ ಶಾಲೆಗಳಲ್ಲಿ ಬಹುಕಾಲ ಮಕ್ಕಳಿಗೆ ಅಕ್ಷರ ಕಲಿಸಿದವನು. ಆ ಕೆಲಸದಲ್ಲಿ ಕಂಡುದನ್ನೂ ಎಡವಿದುದನ್ನೂ ಮಾತ್ರ ಹೇಳಬಲ್ಲೆನು.

ಮಕ್ಕಳು ಹಾಡನ್ನು ಕಲಿಯುವುದು ಬೇರೆ, ಹಾಡನ್ನು ಕಟ್ಟುವುದು ಬೇರೆ. ಮೊದಲನೆಯದನ್ನು ನಾವು ಶಾಲೆಗಳಲ್ಲಿ ಅಷ್ಟಿಷ್ಟು ಮಾಡಿಸುತ್ತೇವೆ. ಎರಡನೆಯದು ನಮ್ಮ ಲಕ್ಷ್ಯಕ್ಕೇ ಬಂದಿಲ್ಲ. ಆದರೆ ಮಗುವಿನ ಸ್ವಭಾವವನ್ನು ನೋಡಿರಿ. ತಮ್ಮನ ತೊಟ್ಟಿಲನ್ನು ತೂಗುವ ಐದು ವರ್ಷದ ಅಕ್ಕನು ತಾನೇ ಹೊಸೆದ ಮಾತನ್ನು ತಾನೇ ಹೊಸೆದ ರಾಗದಲ್ಲಿ ಹಾಡುತ್ತಾಳೆ. ಮಳೆಯಲ್ಲಿ ಕುಣಿಯುವ ಹುಡುಗರು ಒಂದೇ ಪದವನ್ನು ಹತ್ತು ಬಗೆಯಾಗಿ ಎಳೆದು, ಮೊಟಕು ಮಾಡಿ, ಅಂಗೈತಟ್ಟಿಗೆ ಹೊಂದಿಸಿಕೊಳ್ಳುತ್ತಾರೆ. ಇದನ್ನು ಅವರಿಗೆ ಯಾರೂ ಹೇಳಿಕೊಟ್ಟುದಲ್ಲ. ಇಂತಹ ಮಗುವು ಶಾಲೆಯ ಹೊಸ್ತಿಲು ದಾಟಿ ಎರಡು ವರ್ಷ ಕಳೆಯುವುದರೊಳಗಾಗಿ ತಾನಾಗಿ ಹಾಡುವುದನ್ನು ಬಿಟ್ಟುಬಿಡುತ್ತದೆ. ಹೀಗಾಗುವುದೇಕೆ?

ಇದಕ್ಕೆ ಉತ್ತರವಾಗಿ ನನ್ನದೇ ಒಂದು ತಪ್ಪನ್ನು ಈ ಸನ್ನಿಧಿಯಲ್ಲಿ ನಿವೇದಿಸಿಕೊಳ್ಳುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ ದಿನಗಳಲ್ಲಿ ಶಾಲೆಯ ವಾರ್ಷಿಕೋತ್ಸವಕ್ಕೆಂದು ಮಕ್ಕಳಿಗೆ ಪ್ರಾರ್ಥನೆಯನ್ನು ಹೇಳಿಕೊಡುತ್ತಿದ್ದೆನು. ಒಬ್ಬ ಹುಡುಗಿಯ ಧ್ವನಿಯು ಉಳಿದವರೊಡನೆ ಕೂಡಲಿಲ್ಲ. ಆಕೆಯನ್ನು ಸಾಲಿನಿಂದ ತೆಗೆಯಲು ಮನಸ್ಸು ಬಾರದೆ, “ನೀನು ತುಟಿ ಮಾತ್ರ ಆಡಿಸು, ಸ್ವರ ಹೊರಡಿಸಬೇಡ” ಎಂದೆನು. ಆಕೆಯು ಹಾಗೆಯೇ ಮಾಡಿದಳು. ಉತ್ಸವವು ಚೆನ್ನಾಗಿ ನೆರವೇರಿತು. ಹಲವು ವರ್ಷಗಳ ತರುವಾಯ ಅದೇ ಹುಡುಗಿಯು ತಾಯಾಗಿ, ತನ್ನ ಮಗಳನ್ನು ಶಾಲೆಗೆ ಸೇರಿಸಲು ಕೈಹಿಡಿದು ಕರೆತಂದಳು. ಮಗುವಿನ ವಿಷಯವಾಗಿ ಆಕೆ ಹೇಳಿದ ಮೊದಲನೆಯ ಮಾತು ಇದು: “ನನ್ ಹಂಗೇ ಇವಳ್ಗೂ ಹಾಡು ಬರಾಕಿಲ್ಲ ಮೇಷ್ಟ್ರೇ.” ಮಹನೀಯರೇ, ನಾನು ಒಬ್ಬಳ ಬಾಯಿಯನ್ನು ಮುಚ್ಚಿದೆನೆಂದು ತಿಳಿದಿದ್ದೆನು; ಎರಡು ತಲೆಮಾರುಗಳ ಬಾಯಿಯನ್ನು ಮುಚ್ಚಿದ್ದೆನು.

ಆ ದಿನ ಆಕೆಯ ಧ್ವನಿಯು ಕೂಡದೆಹೋದುದಕ್ಕೆ ಕಾರಣವೇನೆಂಬುದು ಆಮೇಲೆ ನನಗೆ ತಿಳಿಯಿತು. ಗಂಡಸಾದ ಉಪಾಧ್ಯಾಯನ ಶ್ರುತಿಯು ಎಳೆಯ ಮಕ್ಕಳ ಶ್ರುತಿಗಿಂತ ಬಹಳ ತಗ್ಗಿನದು. ನನ್ನ ಶ್ರುತಿಗೆ ಆಕೆ ಇಳಿಯಲಾರದೆ ಹೋದಳು. ಆಕೆಯ ಶ್ರುತಿಗೆ ನಾನು ಏರಬೇಕಾಗಿದ್ದಿತು. ಕೊರತೆಯಿದ್ದುದು ಮಗುವಿನ ಕಂಠದಲ್ಲಲ್ಲ, ನನ್ನ ತಿಳಿವಳಿಕೆಯಲ್ಲಿ.

ಸಂಗೀತೋಪಾಧ್ಯಾಯರು ಬಂದರೆ ಇದೆಲ್ಲವೂ ಸರಿಹೋದೀತೆಂದು ಕೆಲವರು ಹೇಳುವರು. ಆದರೆ 2009ನೆಯ ಇಸವಿಯ ಕಡ್ಡಾಯ ಶಿಕ್ಷಣದ ಕಾಯಿದೆಯ ಅನುಸೂಚಿಯನ್ನು ನೋಡಿರಿ. ಕಲಾಶಿಕ್ಷಣಕ್ಕೆ ಅಲ್ಪಕಾಲದ ಬೋಧಕರನ್ನು ಅದು ವಿಧಿಸಿರುವುದು ಆರರಿಂದ ಎಂಟನೆಯವರೆಗಿನ ತರಗತಿಗಳಿಗೆ. ಅದೂ ಮಕ್ಕಳ ಸಂಖ್ಯೆಯು 100ನ್ನು ಮೀರಿದ ಕಡೆ. ಒಂದರಿಂದ ಐದನೆಯ ತರಗತಿಯವರೆಗೆ ಅಂತಹ ಬೋಧಕರ ಪ್ರಸ್ತಾಪವೇ ಅಲ್ಲಿಲ್ಲ. ಎಂದರೆ ಕಂಠವೂ ಕಿವಿಯೂ ಅತ್ಯಂತ ಮೃದುವಾಗಿರುವ ವಯಸ್ಸಿನಲ್ಲಿ ಮಗುವಿನ ಸಂಗೀತವು ತರಗತಿಯ ಸಾಮಾನ್ಯ ಉಪಾಧ್ಯಾಯರ ಕೈಯಲ್ಲಿಯೇ ಉಳಿಯುತ್ತದೆ. ಆದಕಾರಣ ಇದು ವಿದ್ವಾಂಸರಿಗಾಗಿ ಕಾದು ಕುಳಿತುಕೊಳ್ಳತಕ್ಕ ಕಾರ್ಯವಲ್ಲ, ಇದ್ದವರೇ ಮಾಡತಕ್ಕದ್ದು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾಗಿ ಕಾಲಕ್ರಮದಲ್ಲಿ ರಾಜ್ಯದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆ ಹಬ್ಬಿದ ‘ನಲಿ-ಕಲಿ’ ಪದ್ಧತಿಯು ಹಾಡನ್ನು ಪಾಠದೊಳಕ್ಕೆ ತಂದಿತು. ಅದು ದೊಡ್ಡ ಉಪಕಾರವೇ ಸರಿ. ಆದರೆ ಅಲ್ಲಿಯೂ ಹಾಡು ಬಹುಮಟ್ಟಿಗೆ ಪಾಠವನ್ನು ನೆನಪಿನಲ್ಲಿಡುವ ಸಾಧನವಾಗಿರುತ್ತದೆ. ಮಗುವು ತನ್ನ ಹಾಡನ್ನು ತಾನೇ ಕಟ್ಟುವ ಹೆಜ್ಜೆಯೊಂದು ಉಳಿದಿದೆ.

ಆ ಹೆಜ್ಜೆಗೆ ಬೇಕಾದ ಸಾಮಗ್ರಿಯು ನಮ್ಮ ಸೀಮೆಯಲ್ಲಿ ಇಲ್ಲವೆನ್ನುವಂತಿಲ್ಲ. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವನ್ನು ಅರಿಯದವರಾರು? ಗುಬ್ಬಿ ವೀರಣ್ಣನವರು ಚಿಕ್ಕ ಹುಡುಗನಾಗಿದ್ದಾಗಲೇ ಅದನ್ನು ಸೇರಿದರು. ದಕ್ಷಿಣ ಕನ್ನಡದ ಬಾಬುಕೋಡಿಯಿಂದ ಮನೆ ಬಿಟ್ಟು ಬಂದ ಒಬ್ಬ ಬಾಲಕನಿಗೂ ಆ ಸಂಘವೇ ಆಶ್ರಯವಾಯಿತು. ಆತನೇ ಮುಂದೆ ಬಿ. ವಿ. ಕಾರಂತರೆಂದು (1929–2002) ಹೆಸರಾದವರು. ಅವರನ್ನು ಹೆಚ್ಚಿನ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿಕೊಟ್ಟವರೂ ವೀರಣ್ಣನವರೇ. ಅಲ್ಲಿ ಪಂಡಿತ ಓಂಕಾರನಾಥ ಠಾಕೂರರಲ್ಲಿ ಅವರು ಸಂಗೀತಾಭ್ಯಾಸ ಮಾಡಿದರು. ಮಹಾಗುರುಗಳಲ್ಲಿ ಕಲಿತ ಬಳಿಕವೂ ಕಾರಂತರು ಕೈಗೆ ಸಿಕ್ಕಿದ ಸಾಮಾನ್ಯ ವಸ್ತುಗಳಿಂದಲೇ ನಾದವನ್ನೆಬ್ಬಿಸಿ ರಂಗಸಂಗೀತವನ್ನು ಕಟ್ಟಿದರು. ದೆಹಲಿಯ ಶಾಲೆಯೊಂದರಲ್ಲಿ ಮಕ್ಕಳಿಗೆ ನಾಟಕ ಕಲಿಸಿದರು. ಮಕ್ಕಳಿಗಾಗಿ ನಾಟಕಗಳನ್ನು ಬರೆದರು. ಆಟವೇ ಪಾಠವಾದಲ್ಲಿ ಬಾಲಕನ ಶಕ್ತಿಯು ಎಷ್ಟು ದೂರ ಬೆಳೆಯಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

ಇನ್ನು ನಮ್ಮ ಜಿಲ್ಲೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ಉದ್ದವಾದ ಬಿದಿರಿನ ಗಣೆಯನ್ನೂದಿ ಜುಂಜಪ್ಪನ ಕಥೆಯನ್ನು ಹಾಡುವ ಹಿರಿಯರುಂಟು. ಎಡೆಯೂರಿನ ಜಾತ್ರೆಯಿಂದ ಮರಳುವ ಮಗುವಿನ ಕಿವಿಯಲ್ಲಿ ವಾದ್ಯಗಳ ಮೊಳಗು ಹಲವು ದಿನ ತುಂಬಿರುತ್ತದೆ. ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಏಕಕಂಠದಿಂದ ಪ್ರಾರ್ಥನೆ ಮಾಡುವುದನ್ನು ಕೇಳಿದವರಿಗೆ, ಹಾಡು ಬಾರದ ಮಗುವೆಂಬುದೊಂದು ಉಂಟೆಂದು ಹೇಳುವ ಧೈರ್ಯವು ಬಾರದು. ಹಂಗೇರಿಯ ಕೊಡಾಯ್ ಎಂಬ ಸಂಗೀತಜ್ಞನು (1882–1967) ಮಗುವಿನ ಸಂಗೀತಶಿಕ್ಷಣವು ತನ್ನ ನಾಡಿನ ಜನಪದ ಗೀತೆಗಳಿಂದಲೇ ಮೊದಲಾಗಬೇಕೆಂದು ಬೋಧಿಸಿದನು. ಜರ್ಮನಿಯ ಕಾರ್ಲ್ ಆರ್ಫ್ ಎಂಬಾತನು (1895–1982) ಮಾತು, ಕುಣಿತ ಮತ್ತು ಸರಳವಾದ ತಾಳವಾದ್ಯಗಳ ಮೂಲಕ ಮಕ್ಕಳೇ ಸಂಗೀತವನ್ನು ಕಟ್ಟುವ ಕ್ರಮವನ್ನು ರೂಪಿಸಿದನು. ಅವರು ಹುಡುಕಿ ಹೊರಟುದು ನಮ್ಮ ಅಂಗಳದಲ್ಲಿಯೇ ಇದೆ.

ತರಗತಿಯಲ್ಲಿ ಮಾಡತಕ್ಕುದೇನು? ನಾನು ಮಾಡಿ ನೋಡಿದುದನ್ನು ಹೇಳುತ್ತೇನೆ. ಮೊದಲು ಕೇಳುವುದು: ಎರಡು ನಿಮಿಷ ಕಣ್ಣು ಮುಚ್ಚಿ, ಕೇಳಿಸಿದ ಸದ್ದುಗಳನ್ನು ಮಕ್ಕಳು ಹೇಳಲಿ. ಆಮೇಲೆ ಪ್ರಶ್ನೋತ್ತರ: ಉಪಾಧ್ಯಾಯರು ರಾಗವಾಗಿ “ಇಂದು ಏನುಂಡೆ?” ಎಂದು ಕೇಳಿದರೆ, ಮಗುವು ತನಗೆ ತೋಚಿದ ರಾಗದಲ್ಲಿ “ರಾಗಿಮುದ್ದೆ, ಸೊಪ್ಪಿನ ಸಾರು” ಎಂದು ಉತ್ತರ ಕೊಡಲಿ. ತರುವಾಯ ವಾದ್ಯ: ಕರಟಗಳೆರಡು, ರಾಗಿ ತುಂಬಿದ ಡಬ್ಬ, ಬಿದಿರಿನ ತುಂಡು, ಇವು ಸಾಕು. ಕೊನೆಗೆ ಸ್ವರ: ಮೋಹನರಾಗದ ಐದು ಸ್ವರಗಳನ್ನು ಮಾತ್ರ ಕೊಟ್ಟು, ಒಂದು ಪದ್ಯದ ಅರ್ಧವನ್ನು ತಾವು ಹಾಡಿ, ಉಳಿದರ್ಧವನ್ನು ಮಕ್ಕಳಿಗೆ ಬಿಡಿರಿ. ಈ ಐದು ಸ್ವರಗಳನ್ನು ಹೇಗೆ ಕೂಡಿಸಿದರೂ ಕಿವಿಗೆ ಕಟುವಾಗುವುದು ಅಪರೂಪ. ಇಷ್ಟಕ್ಕೆ ದಿನಕ್ಕೆ ಕಾಲು ಗಂಟೆ ಸಾಕು. ಒಂದು ನಿಯಮವನ್ನು ಮಾತ್ರ ಮರೆಯಕೂಡದು: ಮಗುವು ಕಟ್ಟಿದುದನ್ನು ಕೂಡಲೇ ತಿದ್ದಕೂಡದು. ಮೊದಲು ತರಗತಿಯೆಲ್ಲವೂ ಅದನ್ನು ಕಲಿತು ಹಾಡಲಿ. ತನ್ನ ಹಾಡನ್ನು ನಲವತ್ತು ಕಂಠಗಳಲ್ಲಿ ಕೇಳಿದ ಮಗುವು ಮಾರನೆಯ ದಿನ ಅದನ್ನು ತಾನೇ ತಿದ್ದಿಕೊಂಡು ಬರುತ್ತದೆ.

ಹೀಗೆ ಬಿಟ್ಟರೆ ಶಿಸ್ತು ಕೆಡುವುದಿಲ್ಲವೇ ಎಂದು ಹಿರಿಯರು ಕೇಳಬಹುದು. ಶಿಸ್ತಿಗೆ ನಾನು ವಿರೋಧಿಯಲ್ಲ. ಅಂಧಬಾಲಕರನ್ನು ಲೋಕವು ಮೂಲೆಗೊತ್ತಿದ್ದ ಕಾಲದಲ್ಲಿ ಪಂಚಾಕ್ಷರ ಗವಾಯಿಗಳು (1892–1944) ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಥವರನ್ನು ಕಠಿನವಾದ ಸಾಧನೆಯಿಂದಲೇ ಗಾಯಕರನ್ನಾಗಿ ಮಾಡಿದರು. ಆದರೆ ಆ ಸಾಧನೆಯ ಬುಡದಲ್ಲಿದ್ದುದು ಒಂದು ನಂಬಿಕೆ: ಈ ಮಗುವಿನೊಳಗೆ ನಾದವಿದೆಯೆಂಬುದು. ನಂಬಿಕೆಯು ಮೊದಲು, ಶಿಸ್ತು ಆಮೇಲೆ. ನಮ್ಮ ಶಾಸ್ತ್ರೀಯ ಸಂಗೀತದಲ್ಲಿಯೂ ಸರಳೆ-ಜಂಟಿಗಳನ್ನು ಸಾಧಿಸುವುದು ಕೊನೆಗೆ ಮನೋಧರ್ಮವನ್ನು ಮುಟ್ಟುವುದಕ್ಕಾಗಿಯೇ ಅಲ್ಲವೇ? ಆ ಮನೋಧರ್ಮದ ಮೊಳಕೆಯನ್ನು ಮೊದಲನೆಯ ತರಗತಿಯಲ್ಲಿಯೇ ಚಿವುಟಿಹಾಕಿದರೆ ಮುಂದೆ ನೀರೆರೆದು ಫಲವೇನು? ತಾಳದ ಲೆಕ್ಕವು ತಮಗೆ ತಿಳಿಯದೆಂದು ವಿನಯದಿಂದ ಹೇಳಿಕೊಂಡ ಬಸವಣ್ಣನವರು ಅದಕ್ಕಾಗಿ ಹಾಡುವುದನ್ನು ಬಿಡಲಿಲ್ಲ.

ಆದುದರಿಂದ ಉಪಾಧ್ಯಾಯ ಮಿತ್ರರಲ್ಲಿ ನನ್ನ ಬಿನ್ನಹವಿಷ್ಟೇ: ಯಾವ ಮಗುವಿಗೂ “ನಿನಗೆ ಹಾಡು ಬಾರದು” ಎನ್ನಬೇಡಿರಿ. ತಾಯ್ತಂದೆಗಳೇ, ಮನೆಯಲ್ಲಿ ಮಗುವು ಹೊಸೆದ ಹಾಡನ್ನು ಕೇಳಿ ನಗಬೇಡಿರಿ; ಇನ್ನೊಮ್ಮೆ ಹಾಡೆನ್ನಿರಿ. ಶ್ರೀಮಠದ ಮಹೋತ್ಸವಗಳಲ್ಲಿ, ಕಲಿತ ಹಾಡುಗಳ ಸ್ಪರ್ಧೆಯೊಡನೆ, ಮಕ್ಕಳೇ ಕಟ್ಟಿದ ಹಾಡುಗಳಿಗೂ ಬಹುಮಾನವಿಲ್ಲದ ಒಂದು ಸರದಿಯನ್ನು ದಯಪಾಲಿಸಬೇಕೆಂದು ಪೂಜ್ಯರಲ್ಲಿ ಪ್ರಾರ್ಥಿಸುತ್ತೇನೆ.

ಆ ತಾಯಿಯು ಕರೆತಂದ ಮಗಳನ್ನು ನಾನು ಮೊದಲನೆಯ ಸಾಲಿನಲ್ಲಿ ಕುಳ್ಳಿರಿಸಿದೆನು. ಮೂರು ತಿಂಗಳು ಆಕೆ ಬಾಯಿ ತೆರೆಯಲಿಲ್ಲ. ಒಂದು ದಿನ “ಇಂದು ಏನುಂಡೆ?” ಎಂಬ ಪ್ರಶ್ನೆಗೆ ತಲೆ ತಗ್ಗಿಸಿಕೊಂಡೇ, ಬಹು ಮೆಲ್ಲಗೆ, ಎರಡೇ ಸ್ವರಗಳಲ್ಲಿ ಉತ್ತರ ಕೊಟ್ಟಳು. ತರಗತಿಯೆಲ್ಲವೂ ಅದನ್ನು ಹಾಡಿತು. ಆ ಎರಡು ಸ್ವರಗಳಿಂದ ನನ್ನ ಹಳೆಯ ಸಾಲವು ತೀರಿತೆಂದು ನಾನು ಹೇಳಲಾರೆನು. ತೀರಿಸುವ ದಾರಿ ಯಾವುದೆಂಬುದು ಮಾತ್ರ ತಿಳಿಯಿತು.