ಕಡಿದರೆ ಮುಗಿಯದ ಕಾಮಗಾರಿ: ಆಕ್ರಮಣಕಾರಿ ಸಸ್ಯಗಳು ಮತ್ತು ಗ್ರಾಮ ಪಂಚಾಯಿತಿಯ ಹೊಣೆ

(ಗ್ರಾಮ ಪಂಚಾಯಿತಿ ಸದಸ್ಯರ ತರಬೇತಿ ಕಾರ್ಯಕ್ರಮದಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ನೀಡಿದ ಉಪನ್ಯಾಸದ ಪಠ್ಯ)



ಕೆರೆಯಂಗಳದ ಜಾಲಿ ಕಡಿಸುವುದು, ರಸ್ತೆ ಬದಿಯ ಕಾಂಗ್ರೆಸ್ ಗಿಡ ಕೀಳಿಸುವುದು, ಕೆರೆಯನ್ನು ಮುಚ್ಚಿದ ಜಲಕಳೆ ತೆಗೆಸುವುದು ನಮ್ಮ ಕ್ರಿಯಾಯೋಜನೆಗಳಲ್ಲಿ ಮತ್ತೆ ಮತ್ತೆ ಬರುವ ಕೆಲಸಗಳು. ಅದೇ ಕೆರೆಗೆ, ಅದೇ ರಸ್ತೆಗೆ ಪುನಃ ಪುನಃ ಹಣ ವ್ಯಯವಾಗುತ್ತದೆ. ನಾನು ಇಂಜಿನಿಯರಿಂಗ್ ಓದಿದವನು. ಚರಂಡಿ ಕಟ್ಟಿ ಅಳತೆ ಪುಸ್ತಕದಲ್ಲಿ ದಾಖಲಿಸಿದರೆ ಆ ಕಾಮಗಾರಿ ಮುಗಿದಂತೆ. ಕಳೆಯ ವಿಷಯದಲ್ಲಿ ಅಳತೆ ಬರೆದ ದಿನ ಕೆಲಸದ ಮೊದಲ ಹಂತ ಮಾತ್ರ ಮುಗಿದಿರುತ್ತದೆ. ಈ ವ್ಯತ್ಯಾಸವನ್ನು ತಮ್ಮ ಗಮನಕ್ಕೆ ತರುವುದೇ ಇಂದಿನ ಉಪನ್ಯಾಸದ ಉದ್ದೇಶ.

ಹೊರದೇಶದಿಂದ ಬಂದ ಸಸ್ಯಗಳೆಲ್ಲ ಹಾನಿಕರವಲ್ಲ. ಮೆಣಸಿನಕಾಯಿ, ಟೊಮೆಟೊ, ಶೇಂಗಾ ಇವೆಲ್ಲವೂ ಅಮೆರಿಕ ಖಂಡಗಳಿಂದ ಬಂದವು; ಹೊಲದ ಬದು ದಾಟಿ ಊರನ್ನು ಆಕ್ರಮಿಸಲಿಲ್ಲ. ತವರಿನಲ್ಲಿ ತನ್ನನ್ನು ಹತೋಟಿಯಲ್ಲಿಟ್ಟಿದ್ದ ಕೀಟ, ರೋಗಗಳಿಂದ ದೂರವಾಗಿ, ಹೊಸ ನೆಲದಲ್ಲಿ ಯಾರೂ ಬಿತ್ತದೆಯೇ ಹಬ್ಬಿ, ಸ್ಥಳೀಯ ಸಸ್ಯಗಳ ಜಾಗವನ್ನು ಕಬಳಿಸುವಂಥದ್ದು ಆಕ್ರಮಣಕಾರಿ ಪ್ರಭೇದ. ಮಾನವನ ಚಟುವಟಿಕೆಯಿಂದ ಜಗತ್ತಿನಾದ್ಯಂತ 37,000ಕ್ಕೂ ಹೆಚ್ಚು ಅನ್ಯ ಪ್ರಭೇದಗಳು ಹೊಸ ನೆಲೆಗಳಲ್ಲಿ ಬೇರೂರಿವೆ. ಅವುಗಳಲ್ಲಿ 3,500ಕ್ಕೂ ಹೆಚ್ಚು ಹಾನಿಕರ ಎಂದು 2023ರಲ್ಲಿ ಪ್ರಕಟವಾದ ಅಂತರರಾಷ್ಟ್ರೀಯ ವೈಜ್ಞಾನಿಕ ವರದಿ ತಿಳಿಸುತ್ತದೆ.

ನಮ್ಮ ಬಯಲು ಸೀಮೆಯಲ್ಲಿ ಮೊದಲು ಗಮನಿಸಬೇಕಾದದ್ದು ಬಳ್ಳಾರಿ ಜಾಲಿ. ಸೌದೆಗಾಗಿ, ಬರಡು ನೆಲಕ್ಕೆ ಹಸಿರು ಹೊದಿಸುವುದಕ್ಕಾಗಿ ಇದನ್ನು ಉದ್ದೇಶಪೂರ್ವಕವಾಗಿಯೇ ನೆಡಲಾಯಿತು. ಇದರ ಸಿಹಿ ಕಾಯಿಯನ್ನು ಕುರಿ, ಮೇಕೆ, ದನಗಳು ತಿನ್ನುತ್ತವೆ. ಗಟ್ಟಿ ಬೀಜ ಜೀರ್ಣವಾಗದೆ ಹಿಕ್ಕೆ, ಸಗಣಿಯೊಡನೆ ಗೋಮಾಳದ ತುಂಬ ಹರಡುತ್ತದೆ. ನೆಲಮಟ್ಟಕ್ಕೆ ಕಡಿದರೆ ಬುಡದಲ್ಲಿ ಸುಪ್ತವಾಗಿದ್ದ ಮೊಗ್ಗುಗಳಿಂದ ಹಲವು ಚಿಗುರು ಏಳುತ್ತವೆ. ಒಂದು ಕಾಂಡವಿದ್ದ ಕಡೆ ಮುಳ್ಳಿನ ಪೊದೆಯೇ ಬೆಳೆಯುತ್ತದೆ. ಅಂದರೆ ಬುಡ ಬಿಟ್ಟು ಕಡಿಸುವ ಕಾಮಗಾರಿಯು ಜಾಲಿಯನ್ನು ದಟ್ಟಗೊಳಿಸುವ ಕಾಮಗಾರಿಯಾಗಿ ಪರಿಣಮಿಸುತ್ತದೆ.

ಆದುದರಿಂದ ಅಂದಾಜು ಪಟ್ಟಿಯಲ್ಲಿ ‘ಕಡಿಯುವುದು’ ಎಂದಿರುವಲ್ಲಿ ‘ಬುಡಸಹಿತ ಅಗೆದು ತೆಗೆಯುವುದು’ ಎಂದು ನಮೂದಿಸಬೇಕು. ಕಾಯಿ ಮಾಗಿ ಉದುರುವ ಮೊದಲೇ ಕೆಲಸ ನಡೆಯಬೇಕು. ಮುಂದಿನ ಎರಡು ಮಳೆಗಾಲಗಳಲ್ಲಿ ಏಳುವ ಸಸಿಗಳನ್ನು ಕೈಯಿಂದ ಕೀಳಿಸಲು ಅದೇ ಮಂಜೂರಾತಿಯಲ್ಲಿ ಹಣ ಕಾಯ್ದಿರಿಸಬೇಕು. ಎಳೆಯ ಸಸಿಯನ್ನು ಒಬ್ಬರು ಬರಿಗೈಯಲ್ಲಿ ಕೀಳಬಹುದು; ನಾಲ್ಕು ವರ್ಷ ಬಿಟ್ಟರೆ ಜೆಸಿಬಿ ತರಿಸಬೇಕಾಗುತ್ತದೆ.

ಇಲ್ಲಿ ಸೂಕ್ಷ್ಮವಾದ ಒಂದು ಪ್ರಶ್ನೆಯಿದೆ. ಭೂಮಿಯಿಲ್ಲದ ಅನೇಕ ಕುಟುಂಬಗಳಿಗೆ ಒಲೆಯ ಸೌದೆ ಬರುವುದು ಈ ಜಾಲಿಯಿಂದಲೇ. ಸೌದೆ, ಇದ್ದಿಲು ಮಾರಿ ಜೀವನ ಸಾಗಿಸುವವರೂ ಇದ್ದಾರೆ. ಗೋಮಾಳವನ್ನು ಒಂದೇ ಸಲಕ್ಕೆ ಬೋಳು ಮಾಡಿದರೆ ಕುರಿಗಾಹಿಗೆ ಹುಲ್ಲು ಸಿಗುವ ಮೊದಲೇ ಆ ಮನೆಗಳ ಒಲೆಗೆ ತೊಂದರೆಯಾಗುತ್ತದೆ. ಪ್ರದೇಶವನ್ನು ಮೂರು ಭಾಗ ಮಾಡಿ, ವರ್ಷಕ್ಕೊಂದು ಭಾಗ ತೆರವುಗೊಳಿಸುವುದು ಉಚಿತ. ನಿಯಮಾನುಸಾರ ಸೌದೆಯನ್ನು ಅಂತಹ ಕುಟುಂಬಗಳಿಗೆ ಮೊದಲು ಒದಗಿಸಬೇಕು. ತೆರವಾದ ಗೋಮಾಳದಲ್ಲಿ ಸ್ಥಳೀಯ ಹುಲ್ಲು ಬೆಳೆಸಿ, ಅಂಚಿನಲ್ಲಿ ಹೊಂಗೆ, ಬೇವು, ಕರಿಜಾಲಿ ನೆಡಬೇಕು. ಖಾಲಿ ಬಿಟ್ಟ ನೆಲಕ್ಕೆ ಬಳ್ಳಾರಿ ಜಾಲಿಯೇ ಮೊದಲು ಮರಳಿ ಬರುತ್ತದೆ.

ಇನ್ನು ಕೆರೆಯ ಜಲಕಳೆ. ನೇರಳೆ ಹೂವಿನ ಈ ಸಸ್ಯ ದಕ್ಷಿಣ ಅಮೆರಿಕದ ಅಮೆಜಾನ್ ಪ್ರದೇಶದ್ದು. ಹೂವಿನ ಅಂದಕ್ಕಾಗಿ ಭಾರತಕ್ಕೆ ತರಲಾಯಿತು. ಅನುಕೂಲಕರ ನೀರಿನಲ್ಲಿ ಸುಮಾರು ಎರಡು ವಾರಕ್ಕೆ ಇಮ್ಮಡಿಯಾಗಬಲ್ಲದು. ಆ ಲೆಕ್ಕದಲ್ಲಿ, ಗುತ್ತಿಗೆದಾರರು ಮೂಲೆಯಲ್ಲಿ ಉಳಿಸಿದ 1 ಗುಂಟೆ ಕಳೆ 12 ವಾರಗಳಲ್ಲಿ 64 ಗುಂಟೆ, ಅಂದರೆ 1 ಎಕರೆ 24 ಗುಂಟೆ ಆಗುತ್ತದೆ. ಬಿಲ್ಲು ಪಾವತಿಗೆ ಮುನ್ನ ಕೆರೆಯ ಮೂಲೆಗಳನ್ನು ಸದಸ್ಯರು ಖುದ್ದಾಗಿ ನೋಡಬೇಕಾದ ಕಾರಣ ಇದು. ಇದರ ಬೀಜವೂ ಕೆಸರಿನಲ್ಲಿ ವರ್ಷಗಟ್ಟಲೆ ಜೀವಂತವಾಗಿರುತ್ತದೆ. ಊರಿನ ಬಚ್ಚಲು ನೀರು ಕೆರೆಗೆ ಸೇರುವವರೆಗೆ ಕಳೆಗೆ ಗೊಬ್ಬರ ಹಾಕಿದಂತೆಯೇ ಸರಿ. ಬೂದು ನೀರಿನ ಇಂಗುಗುಂಡಿಗಳನ್ನು ಮೊದಲು ಕೈಗೆತ್ತಿಕೊಂಡು, ಬಳಿಕ ಕಳೆ ತೆಗೆಸುವುದು ಸೂಕ್ತ.

ಕಾಂಗ್ರೆಸ್ ಗಿಡ ಭಾರತದಲ್ಲಿ ವ್ಯಾಪಕವಾಗಿ ಗಮನಕ್ಕೆ ಬಂದದ್ದು 1950ರ ದಶಕದಲ್ಲಿ, ಪುಣೆಯಲ್ಲಿ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮುನ್ನ, ಮಳೆ ಬಿದ್ದು ಮಣ್ಣು ಮೆತ್ತಗಿರುವಾಗ ಬೇರುಸಹಿತ ಕೀಳಿಸಬೇಕು. ಇದರಿಂದ ಚರ್ಮದ ತುರಿಕೆ ಮತ್ತು ಉಬ್ಬಸ ಉಂಟಾಗುವುದರಿಂದ ಕೆಲಸಗಾರರಿಗೆ ಕೈಗವಸು, ಮುಖಗವಸು ಒದಗಿಸುವುದು ಕಡ್ಡಾಯವಾಗಲಿ. ಅಲರ್ಜಿ ಇರುವವರನ್ನು ನಿಯೋಜಿಸಬಾರದು. ಮುಖ್ಯವಾಗಿ ಇದನ್ನೇ ತಿನ್ನುವ ಮೆಕ್ಸಿಕೊ ಮೂಲದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಎಲೆ ಜರಡಿಯಂತಾದ ಗಿಡಗಳು ಅದರ ಗುರುತು. ಅಲ್ಲಿ ಕೀಟನಾಶಕ ಸಿಂಪಡಿಸಬೇಡಿ.

ಕಳೆಯ ಬೀಜವನ್ನು ನಮ್ಮ ಕಾಮಗಾರಿಗಳೇ ಸಾಗಿಸುತ್ತವೆ ಎಂಬುದನ್ನೂ ಮರೆಯಬಾರದು. ಹೊರಗಿನಿಂದ ತರಿಸುವ ಮಣ್ಣು, ಮರಳು, ಗೊಬ್ಬರದೊಡನೆ, ಜೆಸಿಬಿ ಚಕ್ರದ ಕೆಸರಿನೊಡನೆ ಅದು ಊರಿಂದ ಊರಿಗೆ ಹೋಗುತ್ತದೆ. ಯಂತ್ರವನ್ನು ತೊಳೆದ ನಂತರವೇ ಕಳೆಯಿಲ್ಲದ ಕೆರೆಗೆ ಇಳಿಸಬೇಕೆಂಬ ಷರತ್ತನ್ನು ಕಾರ್ಯಾದೇಶದಲ್ಲಿ ಸೇರಿಸುವುದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ.

ಜೀವವೈವಿಧ್ಯ ಅಧಿನಿಯಮ, 2002ರ ಅನ್ವಯ ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದು ಕಡತದಲ್ಲಿ ಮಾತ್ರ ಉಳಿಯದಿರಲಿ. ಮುಂದಿನ ಸಾಮಾನ್ಯ ಸಭೆಯಲ್ಲಿ ಮೂರು ನಿರ್ಣಯಗಳನ್ನು ಕೈಗೊಳ್ಳುವಂತೆ ಕೋರುತ್ತೇನೆ: ಕೆರೆ, ಗೋಮಾಳ, ರಸ್ತೆವಾರು ಕಳೆಯ ವಿಸ್ತೀರ್ಣವನ್ನು ಈ ಸಮಿತಿಯ ಮೂಲಕ ಗುರುತಿಸುವುದು, ಕಡಿಮೆ ಹಬ್ಬಿರುವ ಸ್ಥಳಗಳಿಂದಲೇ ಕೆಲಸ ಆರಂಭಿಸುವುದು, ಪ್ರತಿ ಕಾಮಗಾರಿಯನ್ನು ಮೂರು ವರ್ಷದ ನಿರ್ವಹಣೆಯೊಂದಿಗೆ ಮಂಜೂರು ಮಾಡುವುದು. ಕಂದಾಯ, ಅರಣ್ಯ, ಸಣ್ಣ ನೀರಾವರಿ ಇಲಾಖೆಗಳಿಗೆ ಸೇರಿದ ಜಾಗವಿದ್ದಲ್ಲಿ ಅವುಗಳ ಒಪ್ಪಿಗೆ ಪಡೆದೇ ಮುಂದುವರಿಯಬೇಕು.

ತಮ್ಮ ಸದಸ್ಯತ್ವದ ಅವಧಿ ಐದು ವರ್ಷ. ಒಂದು ಕೆರೆಯನ್ನು, ಒಂದು ಗೋಮಾಳವನ್ನು ಕಳೆಯಿಂದ ಬಿಡಿಸಿ ಮುಂದಿನ ಸದಸ್ಯರಿಗೆ ಒಪ್ಪಿಸಲು ಅಷ್ಟು ಕಾಲ ಸಾಕು.