ಹೊಲಕ್ಕೆ ಹೋಗದ ಹಿರಿಯಳು

ಎಳ್ಳಮಾವಾಸ್ಯೆಯಂದು, ಜೇವರ್ಗಿಯ ಕಡೆಯ ಒಂದೂರಿನಲ್ಲಿ, ಬಂಧುಬಳಗವೆಲ್ಲ ಸಜ್ಜೆರೊಟ್ಟಿ, ಭಜ್ಜಿ, ಕಡಬುಗಳ ಬುಟ್ಟಿಯನ್ನು ಹೊತ್ತು ಚರಗ ಚೆಲ್ಲಲು ಹೊಲಕ್ಕೆ ನಡೆದಾಗ, ಮನೆಯ ಹಿರಿಯಳೊಬ್ಬಳು ಪಡಸಾಲೆಯಲ್ಲಿಯೇ ಉಳಿದಳು. ಬರಬೇಡವೆಂದು ಯಾರೂ ಹೇಳಿರಲಿಲ್ಲ. ಬರುವೆಯಾ ಎಂದು ಕೇಳಿರಲೂ ಇಲ್ಲ. ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಬಂದ ಜೀವ ದಣಿದೀತೆಂಬ ಅಕ್ಕರೆಯಿಂದ ಆಕೆಯ ಪಾಲಿನ ಬುತ್ತಿಯನ್ನು ತೆಗೆದಿರಿಸಿ ಹೋಗಿದ್ದರು, ಅಷ್ಟೆ.

ಸಂಜೆ ಮಗ ಮರಳಿದೊಡನೆ ಆಕೆ ಕೇಳಿದ್ದು ಒಂದೇ ಮಾತು: "ಹಳ್ಳದ ದಂಡಿ ತೊಗರಿಗಿ ನೆಟೆ ಬಿದ್ದದೇನಪ್ಪ?"

"ಅದೆಲ್ಲ ನಿನಗ್ಯಾಕ ಯವ್ವಾ, ಸುಮ್ನ ಮಲ್ಕೋ."

ಆ ಮನೆಗೆ ಸೊಸೆಯಾಗಿ ಬಂದಂದಿನಿಂದ ಬಿತ್ತನೆಯ ಕಾಳನ್ನು ಆರಿಸಿ, ಬೂದಿ ಬೆರೆಸಿ, ಗಡಿಗೆಯಲ್ಲಿ ಕಾಪಿಟ್ಟವಳು ಅವಳೇ. ಮಗನ ಮಾತಿನಲ್ಲಿ ಪ್ರೀತಿಯಲ್ಲದೆ ಬೇರೇನೂ ಇರಲಿಲ್ಲ. ಆದರೂ ಶಸ್ತ್ರಕ್ರಿಯೆಯಲ್ಲಿಯೂ ಕಳೆದುಹೋಗದಿದ್ದ ಆಕೆಯ ಯಜಮಾನಿಕೆ ಆ ಒಂದು ಮಾತಿನಿಂದ ಹೋಯಿತೆಂದು ನನಗೆ ತೋರಿತು. ಆಕೆ ಗೋಡೆಯ ಕಡೆ ಹೊರಳಿದಳು.

1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿಯೇ ಇರುವುದರಿಂದ, ಆಳಂದ, ಅಫಜಲಪುರ, ಜೇವರ್ಗಿಗಳ ರೋಗಿಗಳಿಗೆ ಔಷಧೋಪಚಾರವು ಮೊದಲಿನಷ್ಟು ದೂರವಿಲ್ಲ. ಆಳಂದದವರಿಗಾದರೋ ಗಡಿಯಾಚೆಯ ಸೊಲ್ಲಾಪುರ, ಬಾರ್ಶಿಗಳೂ ಉಂಟು. ಕರೆಂಟ್, ಅಂದರೆ ವಿಕಿರಣ ಚಿಕಿತ್ಸೆ, ಕೊಡಿಸಿಕೊಂಡು ಬಂದವರ ಮೈಯಿಂದ ಮಕ್ಕಳಿಗೇನಾದರೂ ತಗಲೀತೆಂದು ಲೋಟವನ್ನು ಬೇರೆಯಿಡುವ ಮನೆಗಳು ಇನ್ನೂ ಇವೆಯಾದರೂ, ಹೊರಗಿನ ಯಂತ್ರದಿಂದ ಹಾಯಿಸಿದ ಕಿರಣವು ದೇಹದಲ್ಲಿ ನಿಲ್ಲುವುದಿಲ್ಲ, ಇದು ಅಂಟುವ ಜಡ್ಡೂ ಅಲ್ಲ ಎಂದು ವೈದ್ಯರು ತಿಳಿಹೇಳಿದರೆ ಆ ಲೋಟ ಮತ್ತೆ ಪಂಕ್ತಿಗೆ ಬಂದೀತು. ಮಗಳ ಸಂಬಂಧ ತಪ್ಪೀತೆಂದು ರೋಗದ ಹೆಸರನ್ನೇ ಮುಚ್ಚಿಡುವ ಭಯವು ಅಷ್ಟು ಸುಲಭದಲ್ಲಿ ಹೋಗುವಂಥದಲ್ಲ. ಇನ್ನು ಅಕ್ಕರೆಯಿಂದಲೇ ಒದಗುವ ಏಕಾಂತವನ್ನು ಯಾವ ವೈದ್ಯನಿಗೆ ತೋರಿಸುವುದು? ಆಗ ನಿಮ್ಹಾನ್ಸ್‌ನಲ್ಲಿದ್ದ ಮನೋವೈದ್ಯ ಸಂತೋಷ್ ಚತುರ್ವೇದಿಯವರು 1991ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ನಮ್ಮ ದೇಶದ ಕ್ಯಾನ್ಸರ್ ರೋಗಿಗಳ ಬದುಕಿನಲ್ಲಿ ಶರೀರದ ಕಸುವಿಗಿಂತ ಮನಶ್ಶಾಂತಿಗೆ, ನಾಲ್ವರೊಡನೆ ಕೂಡಿ ಬಾಳುವುದಕ್ಕೆ ಹೆಚ್ಚು ಬೆಲೆಯೆಂಬ ಅಭಿಪ್ರಾಯವೇ ಕಂಡುಬಂದಿತಂತೆ. ಪಡಸಾಲೆಯಲ್ಲಿ ಕುಳಿತವಳಿಗೆ ಅದನ್ನು ಓದಿ ಹೇಳುವ ಅಗತ್ಯವೇನೂ ಇಲ್ಲ.

ಮಗನನ್ನು ನಾನು ದೂಷಿಸಲಾರೆ. ತಾಯಿಯ ಮುಂದೆ ನಗುತ್ತ, ಔಷಧದ ಸಾಲಕ್ಕೆ ಒಳಗೊಳಗೇ ಬೇಯುತ್ತ, ಆತನೂ ಬಳಲಿದ್ದಾನೆ. ತೊಗರಿಯ ರಾಶಿ ಇನ್ನೇನು ಬಂದಿತು. ಬರುವ ವರ್ಷದ ಬಿತ್ತನೆಗೆ ಯಾವ ಹೊಲದ ಕಾಳನ್ನು ತೆಗೆದಿಡಬೇಕೆಂದು ಯಾರನ್ನಾದರೂ ಕೇಳಲೇಬೇಕಲ್ಲ, ಆತ ತಾಯಿಯನ್ನೇ ಕೇಳಬಹುದು.